ಫಾರ್ಮ್ಯಾಟ್ ಹೊಡೆಸುವ ಮೊದಲು ಒಂದು ಗಂಟೆ ಕೂತು ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರು ತಮ್ಮ ಕಂಪ್ಯೂಟರ್ ಕಷ್ಟ ಬರೆದುಕೊಂಡಿದ್ದರು. ಯಾವ ಫೋಲ್ಡರ್ ತೆರೆದರೂ ಪರದೆ ಬಿಳಿಚಿಕೊಂಡು ನಿಂತುಬಿಡುತ್ತಿತ್ತಂತೆ. ಎರಡು ಸಲ ಫಾರ್ಮ್ಯಾಟ್, ಅಂದರೆ ವಿಂಡೋಸ್ ಇರುವ ಭಾಗವನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುವುದು, ಮಾಡಿಸಿದರೂ ಸರಿಹೋಗಲಿಲ್ಲವಂತೆ. ಕೊನೆಗೆ ಸಾಲ ಮಾಡಿ ಹೊಸದು ತಂದು, ಹಳೆಯದನ್ನು ಗುಜರಿಗೆ ಕೊಟ್ಟರಂತೆ. ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವರು ಬರೆದ ಒಂದೊಂದು ಲಕ್ಷಣವೂ ನನ್ನ ಕಂಪ್ಯೂಟರಿನಲ್ಲಿ ಇತ್ತು. ನನ್ನದು ಗುಜರಿಗೆ ಹೋಗಲಿಲ್ಲ. ಇವತ್ತಿಗೂ ಅದರಲ್ಲೇ ಕೆಲಸ ಮಾಡುತ್ತಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತೇನೆ. ಅಪ್ಪ ಶುರು ಮಾಡಿದ್ದು. ಈಗ ತಮ್ಮ ಕ್ಯಾಮೆರಾ ಹಿಡಿದು ಹೊರಗೆ ಹೋಗುತ್ತಾನೆ, ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಫೋಟೊ ಆರಿಸುವುದು, ಬಣ್ಣ ತಿದ್ದುವುದು, ಆಲ್ಬಂ ಪುಟ ಕಟ್ಟುವುದು ನನ್ನ ಪಾಲು. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಮದುವೆಗಳೇ ನಮಗೆ ಜಾಸ್ತಿ. ಒಂದು ಮದುವೆ ಅಂದರೆ ಚಪ್ಪರ, ಧಾರೆ, ಆರತಕ್ಷತೆ ಎಲ್ಲ ಸೇರಿ ಮೂರೂವರೆ ಸಾವಿರ ಫೋಟೊ. ಎಲ್ಲವೂ ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಹಾಗೇ ಕೊಡುವ ಮೂಲ ಫೈಲ್. ಒಂದೊಂದು 25ರಿಂದ 30 ಎಂಬಿ ತೂಗುತ್ತದೆ. ಒಂದೇ ಮದುವೆಗೆ ನೂರು ಜಿಬಿ ಹತ್ತಿರ ಬರುತ್ತದೆ. ಹಾಗಾಗಿ ಫೋಲ್ಡರ್ ತೆರೆಯುವುದು, ಮುಚ್ಚುವುದು, ಬಲ ಕ್ಲಿಕ್ ಮಾಡಿ ನಕಲು ಮಾಡುವುದು ನನಗೆ ದಿನಕ್ಕೆ ನೂರಾರು ಸಲದ ಕೆಲಸ.

ಹೋದ ವರ್ಷ ಏಪ್ರಿಲ್‌ನಲ್ಲಿ, ಮದುವೆ ಸೀಸನ್ ನಡುಮಧ್ಯದಲ್ಲಿ, ಆ ಕೆಲಸವೇ ಕೈಕೊಟ್ಟಿತು. ಮದುವೆ ಫೋಲ್ಡರ್ ಮೇಲೆ ಎರಡು ಸಲ ಒತ್ತಿದರೆ ಮೇಲಿನ ಪಟ್ಟಿಯಲ್ಲಿ ಹಸಿರು ಗೆರೆ ಬಸವನಹುಳುವಿನ ಹಾಗೆ ತೆವಳುತ್ತಿತ್ತು. ಫೋಟೊ ಮೇಲೆ ಬಲ ಕ್ಲಿಕ್ ಮಾಡಿದರೆ ಮೆನು ಬರಲು ಅರ್ಧ ನಿಮಿಷ ಬೇಕು. ಕೆಲವು ಸಲ ‘ನಾಟ್ ರೆಸ್ಪಾಂಡಿಂಗ್’ ಎಂದು ಬಂದು ವಿಂಡೊ ಮಸುಕಾಗುತ್ತಿತ್ತು. ಕೆಲವು ಸಲ ಇನ್ನೂ ಗಾಬರಿ. ಕೆಳಗಿನ ಟಾಸ್ಕ್‌ಬಾರ್, ಡೆಸ್ಕ್‌ಟಾಪ್ ಮೇಲಿನ ಐಕಾನ್, ತೆರೆದಿದ್ದ ಎಲ್ಲ ಫೋಲ್ಡರ್ ಒಟ್ಟಿಗೆ ಮಾಯ. ಎರಡು ಮೂರು ಸೆಕೆಂಡ್ ಬಿಟ್ಟು ಟಾಸ್ಕ್‌ಬಾರ್ ತಾನಾಗಿ ವಾಪಸ್ ಬರುತ್ತಿತ್ತು, ಆದರೆ ತೆರೆದಿದ್ದ ಫೋಲ್ಡರ್‌ಗಳು ಬರುತ್ತಿರಲಿಲ್ಲ. ಯಾವ ಫೋಟೊ ಆರಿಸಿದ್ದೆ, ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದೆಲ್ಲ ಹೋಗಿರುತ್ತಿತ್ತು. ಮತ್ತೆ ಮೊದಲಿನಿಂದ.

ರಿಪೇರಿಯ ಹುಡುಗನನ್ನು ಕರೆಸಿದೆ. ಯಾವ ಅಂಗಡಿ ಎಂದು ಬರೆಯುವುದಿಲ್ಲ. ಆ ಹುಡುಗನ ಮೇಲೆ ನನಗೆ ಕೋಪವೂ ಇಲ್ಲ, ಅವನಿಗೆ ಯಾರೂ ಬೇರೆ ದಾರಿ ಕಲಿಸಿರಲಿಲ್ಲ. ಐದು ನಿಮಿಷ ನೋಡಿ, “ಅಕ್ಕಾ, ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ. ಡೇಟಾ ಎಲ್ಲ ಡಿ ಡ್ರೈವ್‌ನಲ್ಲಿ ತಾನೇ?” ಎಂದ. ಹೌದು ಎಂದೆ. ಆ ಕ್ಷಣಕ್ಕೆ ನನಗೆ ನೆನಪಾಗದೇ ಹೋದದ್ದು ಒಂದಿತ್ತು. ಅದರ ಹಿಂದಿನ ಭಾನುವಾರ ಡಿ ಡ್ರೈವ್‌ನ ಫೋಲ್ಡರ್ ತೆರೆಯಲಾಗದೆ, ಗಿರಾಕಿ ಕಾಯುತ್ತಿದ್ದಾರೆಂದು, ಆಲ್ದೂರಿನ ಒಂದು ಮನೆಯ ಚಪ್ಪರದ ದಿನದ ಫೋಟೊಗಳನ್ನು ಕಾರ್ಡಿನಿಂದ ಡೆಸ್ಕ್‌ಟಾಪ್‌ಗೆ ಹಾಕಿಕೊಂಡಿದ್ದೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಆದರೆ ಅದು ಹೋಗುತ್ತದೆ. ಕಾರ್ಡನ್ನು ತಮ್ಮ ಆಗಲೇ ಇನ್ನೊಂದು ಮದುವೆಗೆ ಬಳಸಿಬಿಟ್ಟಿದ್ದ.

212 ಫೋಟೊ. ಕಾರ್ಡಿನಿಂದ ಹುಡುಕಿ ತೆಗೆಯುವ ತಂತ್ರಾಂಶ ಹಾಕಿ 60 ಚಿಲ್ಲರೆ ವಾಪಸ್ ಬಂತು. ಉಳಿದದ್ದು ಬರಲಿಲ್ಲ. ಆ ಮನೆಯ ಅಜ್ಜಿ ಚಪ್ಪರದ ಕೆಳಗೆ ಕೂತು ಮೊಮ್ಮಗಳ ಕೈಗೆ ಬಳೆ ತೊಡಿಸಿದ್ದರು. ಮಳೆಗಾಲ ಹಿಡಿಯುವ ಮೊದಲೇ ಅಜ್ಜಿ ತೀರಿಕೊಂಡರು. ಆ ಫೋಟೊ ಹೋದವುಗಳಲ್ಲಿ ಇದೆ. ನಾನು ದುಡ್ಡು ವಾಪಸ್ ಕೊಟ್ಟೆ. ಮನೆಯವರು ತೆಗೆದುಕೊಳ್ಳಲಿಲ್ಲ. “ಹೋಗಲಿ ಬಿಡಮ್ಮ, ನೀನು ಬೇಕಂತ ಮಾಡಿದ್ದಾ” ಎಂದರು ಯಜಮಾನರು. ಬೈದಿದ್ದರೆ ಚೆನ್ನಾಗಿತ್ತು. ನಾನು ಇದನ್ನೆಲ್ಲ ಬರೆಯುತ್ತಿರುವುದು ಮುಖ್ಯವಾಗಿ ಆ ಒಂದು ಫೋಟೊಗಾಗಿ.

ಫಾರ್ಮ್ಯಾಟ್ ಆದ ಮೇಲೆ ಒಂಬತ್ತು ದಿನ ಕಂಪ್ಯೂಟರ್ ಹೂವಿನ ಹಾಗೆ ಓಡಿತು. ಹತ್ತನೇ ದಿನ ಸಂಜೆ ಮತ್ತೆ ಟಾಸ್ಕ್‌ಬಾರ್ ಮಾಯ. ಆಮೇಲೆ ದಿನಾ ಅದೇ ಕತೆ. ಈ ಸಲ ಬಂದ ಉತ್ತರ, “ಹಾರ್ಡ್ ಡಿಸ್ಕ್ ಹೋಗ್ತಾ ಇದೆ ಅಕ್ಕಾ, ಹೊಸ ಸಿಸ್ಟಮ್ಮೇ ತಗೊಂಬಿಡಿ.” ನನ್ನ ಕೆಲಸಕ್ಕೆ ಬೇಕಾದ ಕಂಪ್ಯೂಟರ್ ಎಪ್ಪತ್ತು ಸಾವಿರಕ್ಕೆ ಕಡಿಮೆ ಬರುವುದಿಲ್ಲ.

ಆ ವಾರ ಕಡೂರಿನಿಂದ ಒಬ್ಬ ಮೇಷ್ಟ್ರು ಮಗುವಿನ ನಾಮಕರಣದ ಆಲ್ಬಂ ಒಯ್ಯಲು ಬಂದರು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ನನ್ನ ಪಾಡು ನೋಡಿ ಒಂದೇ ಒಂದು ಪ್ರಶ್ನೆ ಕೇಳಿದರು. “ಕಂಪ್ಯೂಟರ್ ಪೂರ್ತಿ ನಿಧಾನವಾ ಮೇಡಂ, ಇಲ್ಲಾ ಫೋಲ್ಡರ್ ನೋಡುವಾಗ ಮಾತ್ರವಾ?”

ಅಲ್ಲಿಯವರೆಗೆ ನಾನಾಗಲಿ, ರಿಪೇರಿಯವರಾಗಲಿ ಹಾಗೆ ಯೋಚಿಸಿಯೇ ಇರಲಿಲ್ಲ. ಯೋಚಿಸಿದರೆ, ಹೌದಲ್ವಾ? ಹಾಡು ನಿಲ್ಲುವುದಿಲ್ಲ. ಬ್ರೌಸರ್ ನಿಲ್ಲುವುದಿಲ್ಲ. ಫೋಟೊ ತಿದ್ದುವ ತಂತ್ರಾಂಶದಲ್ಲಿ ತೆರೆದಿಟ್ಟ ಫೋಟೊದ ಕೆಲಸ ಸರಾಗ. ಆದರೆ ಅದೇ ತಂತ್ರಾಂಶದಲ್ಲಿ ‘ಓಪನ್’ ಒತ್ತಿ ಫೋಲ್ಡರ್ ಪಟ್ಟಿ ಬಂದಾಗ ಅಲ್ಲೂ ನಿಲ್ಲುತ್ತಿತ್ತು. ಮೇಷ್ಟ್ರು ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು, ಅದೇ ಮದುವೆ ಫೋಲ್ಡರಿನ ಪಟ್ಟಿ ತೋರಿಸು ಎಂದು ‘ಡಿಐಆರ್’ ಆಜ್ಞೆ ಕೊಟ್ಟರು. ಮೂರೂವರೆ ಸಾವಿರ ಹೆಸರು ಸರಸರ ಹರಿದು ಹೋದವು. ಆಮೇಲೆ ‘ರೋಬೊಕಾಪಿ’ ಎಂಬ ಆಜ್ಞೆಯಿಂದ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಲು ಹಚ್ಚಿದರು. ಅದು ವಿಂಡೋಸ್ ಜೊತೆಗೇ ಬರುತ್ತದೆ. ಒಂದು ಫೈಲೂ ತಪ್ಪದೆ ನೂರು ಜಿಬಿ ಹೋಯಿತು. ಡಿಸ್ಕ್ ಕೆಟ್ಟಿದ್ದರೆ ಹಾಗೆ ಹೋಗುವುದು ಕಷ್ಟ. ಜೊತೆಗೆ ನನ್ನ ಬ್ಯಾಕಪ್ ಕೂಡ ಆಯಿತು. ಯಾರೇ ಆಗಲಿ, ಬೇರೆ ಯಾವ ಪ್ರಯೋಗಕ್ಕೂ ಮೊದಲು ಇದನ್ನು ಮಾಡಿ. ನಿಜವಾಗಿ ಡಿಸ್ಕ್ ಕೆಡುವುದೂ ಇರುತ್ತದೆ. ಕಟಕಟ ಸದ್ದು ಬಂದರೆ, ನಕಲು ನಡುವೆ ನಿಂತರೆ, ಆಗ ಡಿಸ್ಕ್ ಮೇಲೆಯೇ ಅನುಮಾನ ಪಡಬೇಕು.

ಮೇಷ್ಟ್ರು ಹೇಳಿದ್ದನ್ನು ನನಗೆ ಅರ್ಥವಾದ ಮಾತಿನಲ್ಲಿ ಹೇಳುತ್ತೇನೆ.

ನಾವು ಫೋಲ್ಡರ್ ನೋಡುವ ವಿಂಡೊ, ಡೆಸ್ಕ್‌ಟಾಪ್, ಟಾಸ್ಕ್‌ಬಾರ್, ಇವೆಲ್ಲ ಬೇರೆ ಬೇರೆ ಅಲ್ಲ. ಎಲ್ಲವನ್ನೂ ನಡೆಸುವುದು ವಿಂಡೋಸ್ ಎಕ್ಸ್‌ಪ್ಲೋರರ್ ಎಂಬ ಒಂದೇ ಪ್ರೋಗ್ರಾಂ. 1995ರಲ್ಲಿ ವಿಂಡೋಸ್ 95 ಜೊತೆ ಬಂದದ್ದು. ಬೇರೆ ಕಂಪನಿಯ ತಂತ್ರಾಂಶಗಳು ಇದರೊಳಗೆ ತಮ್ಮ ಒಂದು ತುಣುಕು ಸೇರಿಸಬಹುದು. ಅದಕ್ಕೆ ಶೆಲ್ ಎಕ್ಸ್‌ಟೆನ್ಶನ್ ಅನ್ನುತ್ತಾರೆ. ಬಲ ಕ್ಲಿಕ್ ಮಾಡಿದಾಗ ‘ಇದನ್ನು ಜಿಪ್ ಮಾಡು’, ‘ಇದನ್ನು ಸ್ಕ್ಯಾನ್ ಮಾಡು’ ಎಂದು ಬರುತ್ತದಲ್ಲ, ಅದು ಒಂದು ತುಣುಕು. ಫೈಲ್ ಮೇಲೆ ಕ್ಲೌಡ್ ಬ್ಯಾಕಪ್‌ನ ಹಸಿರು ಟಿಕ್ ಗುರುತು ಕಾಣುವುದು ಇನ್ನೊಂದು. ರಾ ಫೈಲಿನ ಅಥವಾ ವಿಡಿಯೊದ ಪುಟ್ಟ ಚಿತ್ರ, ಅಂದರೆ ತಂಬ್‌ನೇಲ್, ತೋರಿಸುವುದು ಮತ್ತೊಂದು. ನಾವು ಇವನ್ನು ಬೇಕೆಂದು ಹಾಕಿರುವುದಿಲ್ಲ. ತಂತ್ರಾಂಶ ಹಾಕುವಾಗ ‘ನೆಕ್ಸ್ಟ್, ನೆಕ್ಸ್ಟ್’ ಒತ್ತುತ್ತೇವೆ. ಅದರ ಜೊತೆ ಇವೂ ಬಂದು ಕೂರುತ್ತವೆ.

ಅಪ್ಪನ ಕಾಲದಲ್ಲಿ ಸ್ಟುಡಿಯೊ ಹಿಂದೆ ಡಾರ್ಕ್ ರೂಮ್ ಇತ್ತು. ಸೀಸನ್‌ನಲ್ಲಿ ಪಕ್ಕದ ಸ್ಟುಡಿಯೊದವರೂ ಬಂದು ಅಲ್ಲೇ ಫಿಲಂ ತೊಳೆಯುತ್ತಿದ್ದರು. ಒಳಗೆ ಮೂರು ಜನ ಇದ್ದಾಗ ಒಬ್ಬರು ಮರೆತು ಬಾಗಿಲು ತೆರೆದರೆ ಆ ಒಬ್ಬರ ಫಿಲಂ ಮಾತ್ರ ಹಾಳಾಗುವುದಿಲ್ಲ. ಮೂವರದ್ದೂ ಹೋಗುತ್ತದೆ. ಎಕ್ಸ್‌ಪ್ಲೋರರ್ ಹಾಗೇ. ಒಳಗೆ ಬಂದು ಕೂತ ತುಣುಕುಗಳಲ್ಲಿ ಒಂದು ತಪ್ಪು ಹೆಜ್ಜೆ ಇಟ್ಟರೂ ಇಡೀ ಎಕ್ಸ್‌ಪ್ಲೋರರ್ ಬೀಳಬಹುದು. ಅದರ ಜೊತೆ ಟಾಸ್ಕ್‌ಬಾರೂ ಬೀಳುತ್ತದೆ. ಫೋಟೊ ತಿದ್ದುವ ತಂತ್ರಾಂಶದಲ್ಲಿ ‘ಓಪನ್’ ಒತ್ತಿದಾಗಲೂ ಇವೇ ತುಣುಕುಗಳು ಅದರೊಳಕ್ಕೆ ಬರುತ್ತವೆ. ಅಲ್ಲೂ ಕೆಲಸ ನಿಲ್ಲುತ್ತಿದ್ದದ್ದು ಅದಕ್ಕೇ.

ಮೇಷ್ಟ್ರು ಅರ್ಧ ಗಂಟೆ ಇದ್ದು ಬಸ್ಸಿಗೆ ಹೊರಟರು. ಉಳಿದದ್ದನ್ನು ನಾನು ಮೂರು ರಾತ್ರಿ ಕೂತು ಮಾಡಿದೆ. ನಾನು ಓದಿದ್ದು ಬಿ.ಎ. ನಾನು ಮಾಡಿದ್ದು ಯಾರು ಬೇಕಾದರೂ ಮಾಡಬಹುದು.

ಮೊದಲು ಸ್ಟಾರ್ಟ್ ಮೆನುವಿನ ಹುಡುಕುವ ಜಾಗದಲ್ಲಿ ‘ರಿಲಯಬಿಲಿಟಿ’ ಎಂದು ಹಾಕಿ ರಿಲಯಬಿಲಿಟಿ ಹಿಸ್ಟರಿ ತೆರೆದೆ. ಎಷ್ಟೋ ಜನರಿಗೆ ಇದು ಇರುವುದೇ ಗೊತ್ತಿಲ್ಲ. ಒಂದು ಕ್ಯಾಲೆಂಡರಿನ ಹಾಗೆ ದಿನ ದಿನದ ಲೆಕ್ಕ ಇರುತ್ತದೆ. ಯಾವ ದಿನ ಏನು ಹಾಕಿದಿರಿ, ಯಾವ ದಿನ ಯಾವುದು ಬಿತ್ತು, ಎಲ್ಲ ಅಲ್ಲಿದೆ. ಬಿದ್ದ ದಿನಕ್ಕೆ ಕೆಂಪು ಗುರುತು. ನನ್ನ ಲೆಕ್ಕದಲ್ಲಿ ಫಾರ್ಮ್ಯಾಟ್ ಆದ ದಿನದಿಂದ ಒಂಬತ್ತು ದಿನ ಕೆಂಪು ಇಲ್ಲ. ಹತ್ತನೇ ದಿನ ಮಧ್ಯಾಹ್ನ ಒಂದು ವಿಡಿಯೊ ಪರಿವರ್ತಿಸುವ ತಂತ್ರಾಂಶ ಹಾಕಿದ್ದೆ. ಮದುವೆ ವಿಡಿಯೊ ವಾಟ್ಸಾಪ್‌ನಲ್ಲಿ ಕಳಿಸುವಷ್ಟು ಚಿಕ್ಕದು ಮಾಡಲು ಅದು ಬೇಕು. ಅದೇ ಸಂಜೆ ಮೊದಲ ಕೆಂಪು ಗುರುತು. ಅದನ್ನು ನೋಡಿ ನನ್ನ ಕೈ ತಣ್ಣಗಾಯಿತು. ಈ ಲೆಕ್ಕ ಫಾರ್ಮ್ಯಾಟ್‌ಗಿಂತ ಮೊದಲೂ ಅಲ್ಲೇ ಇತ್ತು. ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ.

ಆಮೇಲೆ ಇವೆಂಟ್ ವ್ಯೂವರ್, ಅಂದರೆ ವಿಂಡೋಸ್ ತಾನಾಗಿ ಬರೆದಿಡುವ ದಿನಚರಿ (ಲಾಗ್) ನೋಡುವ ಜಾಗ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಅಲ್ಲಿ 1000 ಎಂಬ ನಂಬರಿನ ಕೆಂಪು ಸಾಲುಗಳನ್ನು ನೋಡಬೇಕು. ಬಿದ್ದ ಪ್ರೋಗ್ರಾಂ ಯಾವುದು ಎಂದು ಒಂದು ಸಾಲು ಇರುತ್ತದೆ. ನನ್ನದರಲ್ಲಿ ಎಕ್ಸ್‌ಪ್ಲೋರರ್. ಅದರ ಕೆಳಗೆ ‘ಫಾಲ್ಟಿಂಗ್ ಮಾಡ್ಯೂಲ್’ ಎಂದು ಇನ್ನೊಂದು ಹೆಸರು ಇರುತ್ತದೆ. ಬೀಳುವ ಹೊತ್ತಿಗೆ ಯಾವ ಫೈಲ್ ಓಡುತ್ತಿತ್ತು ಎಂದು ಅದು ಹೇಳುತ್ತದೆ. ಅದು ಯಾವ ಫೋಲ್ಡರಿನಲ್ಲಿದೆ ಎಂಬ ದಾರಿಯೂ ಇರುತ್ತದೆ. ಸಿ0000005 ಎಂದು ಕೊನೆಯಾಗುವ ಸಂಕೇತ ಇದ್ದರೆ, ತನ್ನದಲ್ಲದ ಮೆಮೊರಿಗೆ ಕೈ ಹಾಕಿತು ಎಂದರ್ಥ. ನನ್ನವೆಲ್ಲ ಅದೇ ಸಂಕೇತ. ಒಂದು ಎಚ್ಚರಿಕೆ ಮಾತ್ರ ಬೇಕು. ಮಾಡ್ಯೂಲ್ ಹೆಸರು ಕೆಲವು ಸಲ ವಿಂಡೋಸ್‌ನ ಸ್ವಂತ ಫೈಲ್ ಆಗಿರುತ್ತದೆ. ಅಂದಮಾತ್ರಕ್ಕೆ ತಪ್ಪು ವಿಂಡೋಸ್‌ನದ್ದೇ ಆಗಿರಬೇಕಿಲ್ಲ. ಬೇರೆಯವರು ಕೆಡಿಸಿ ಹೋದ ಜಾಗದಲ್ಲಿ ಅದು ಎಡವಿರಬಹುದು.

ಹನ್ನೊಂದು ಸಾಲು ಇದ್ದವು. ಹನ್ನೊಂದರಲ್ಲೂ ಒಂದೇ ಫೈಲ್ ಹೆಸರು. ಆದರೆ ದಾರಿ ಎರಡು! ಏಳು ಸಲ ಒಂದು ಫೋಲ್ಡರ್, ನಾಲ್ಕು ಸಲ ಇನ್ನೊಂದು. ಮೊದಲನೆಯದು ರಾ ಫೈಲಿನ ತಂಬ್‌ನೇಲ್ ತೋರಿಸಲು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ ತಂತ್ರಾಂಶದ್ದು. ಎರಡನೆಯದು ಆ ವಿಡಿಯೊ ತಂತ್ರಾಂಶದ್ದು. ನನಗೆ ಅರ್ಥವಾಗಲಿಲ್ಲ. ವಿಡಿಯೊದ್ದನ್ನು ನಿಲ್ಲಿಸಿದೆ. ಇಡೀ ದಿನ ಒಂದು ಸಲವೂ ಬೀಳಲಿಲ್ಲ. ಸರಿ, ಅದೇ ಕಳ್ಳ ಎಂದುಕೊಂಡೆ. ಖಾತ್ರಿ ಮಾಡಿಕೊಳ್ಳಲು ಅದನ್ನು ಮತ್ತೆ ಚಾಲೂ ಮಾಡಿ ರಾ ತಂತ್ರಾಂಶವನ್ನು ನಿಲ್ಲಿಸಿದೆ. ಆಗಲೂ ಬೀಳಲಿಲ್ಲ! ಎರಡೂ ಚಾಲೂ ಮಾಡಿದೆ. ಹತ್ತು ನಿಮಿಷದಲ್ಲಿ ಬಿತ್ತು.

ಎರಡೂ ತಂತ್ರಾಂಶದ ಫೋಲ್ಡರ್ ತೆರೆದು ಆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ನೋಡಿದೆ. ಒಂದೇ ಹೆಸರು, ಆವೃತ್ತಿ ಬೇರೆ. ಒಂದು ತೀರಾ ಹಳೆಯದು, ಇನ್ನೊಂದು ಹೊಸದು. ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು. ಎರಡು ಕಂಪನಿಯವರೂ ಒಂದೇ ಸಾರ್ವಜನಿಕ ಕೋಡನ್ನು ತಮ್ಮೊಳಗೆ ಇಟ್ಟುಕೊಂಡಿದ್ದಾರೆ. ಒಂದು ಹೆಸರಿನ ಫೈಲ್ ಎಕ್ಸ್‌ಪ್ಲೋರರ್ ಒಳಗೆ ಮೊದಲೇ ಬಂದು ಕೂತಿದ್ದರೆ, ಎರಡನೆಯವನು ಅದೇ ಹೆಸರು ಹಿಡಿದು ಕೇಳಿದಾಗ ವಿಂಡೋಸ್ ಮೊದಲಿನದನ್ನೇ ಅವನ ಕೈಗೆ ಕೊಡಬಹುದು. ಅವನು ತನ್ನದೇ ಎಂದು ನಂಬಿ ಬಳಸುತ್ತಾನೆ. ಅಳತೆ ಹೊಂದುವುದಿಲ್ಲ. ಬೀಳುತ್ತದೆ. ಫೋಟೊ ಫೋಲ್ಡರ್ ಮೊದಲು ತೆರೆದ ದಿನ ಒಂದು ದಾರಿ, ವಿಡಿಯೊ ಫೋಲ್ಡರ್ ಮೊದಲು ತೆರೆದ ದಿನ ಇನ್ನೊಂದು ದಾರಿ. ಏಳು, ನಾಲ್ಕರ ಲೆಕ್ಕ ಆಗ ಕೂಡಿಬಂತು. ಎರಡೂ ತಂತ್ರಾಂಶ ಒಂಟಿಯಾಗಿ ಸರಿಯಾಗೇ ಇವೆ. ಒಂದೇ ಕಡೆ ಸೇರಿದಾಗ ಮಾತ್ರ ಜಗಳ.

ಇಂಥದ್ದಕ್ಕೆ ಫಾರ್ಮ್ಯಾಟ್ ಏನು ಮಾಡುತ್ತದೆ ಹೇಳಿ. ಇಬ್ಬರನ್ನೂ ಮನೆಯಿಂದ ಹೊರಗೆ ಹಾಕುತ್ತದೆ. ನಾವು ಮಾರನೇ ದಿನ ಇಬ್ಬರನ್ನೂ ಕರೆದು ತರುತ್ತೇವೆ.

ನಾನು ರಾ ತಂತ್ರಾಂಶ ತೆಗೆದುಹಾಕಿದೆ. ಮೈಕ್ರೊಸಾಫ್ಟ್ ಸ್ಟೋರ್‌ನಲ್ಲಿ ರಾ ಇಮೇಜ್ ಎಕ್ಸ್‌ಟೆನ್ಶನ್ ಎಂದು ಉಚಿತವಾಗಿ ಸಿಗುತ್ತದೆ. ನನ್ನ ಕ್ಯಾಮೆರಾದ ಫೈಲಿಗೆ ಅದೇ ಸಾಕಾಯಿತು. ಆವತ್ತಿನಿಂದ ಟಾಸ್ಕ್‌ಬಾರ್ ಒಂದು ಸಲವೂ ಮಾಯವಾಗಿಲ್ಲ.

ಬೀಳುವುದು ನಿಂತಿತು, ನಿಧಾನ ಮಾತ್ರ ಹಾಗೇ ಇತ್ತು. ಇದು ಬೇರೆ ಕಾಯಿಲೆ. ಇಲ್ಲಿ ಲಾಗ್‌ನಲ್ಲಿ ಏನೂ ಸಿಗಲಿಲ್ಲ, ಏಕೆಂದರೆ ಏನೂ ಬಿದ್ದಿರಲಿಲ್ಲ. ಇದಕ್ಕೆ ಶೆಲ್‌ಎಕ್ಸ್‌ವ್ಯೂ ಎಂಬ ಒಂದು ಪುಟ್ಟ ಉಚಿತ ತಂತ್ರಾಂಶ ಸಹಾಯ ಮಾಡಿತು. ನಿರ್‌ಸಾಫ್ಟ್ ಎಂಬ ಹೆಸರಿನಲ್ಲಿ ನಿರ್ ಸೋಫರ್ ಎಂಬುವರು ಮಾಡಿ ಹಂಚುತ್ತಿರುವುದು. ಎಕ್ಸ್‌ಪ್ಲೋರರ್ ಒಳಗೆ ಯಾರು ಯಾರು ಕೂತಿದ್ದಾರೆ ಎಂಬ ಪೂರ್ತಿ ಪಟ್ಟಿ ತೋರಿಸುತ್ತದೆ. ಮೈಕ್ರೊಸಾಫ್ಟ್‌ನದ್ದಲ್ಲದ ಸಾಲುಗಳು ಗುಲಾಬಿ ಬಣ್ಣದಲ್ಲಿರುತ್ತವೆ. ಅಳಿಸುವುದು ಬೇಡ, ಬರೀ ನಿಲ್ಲಿಸಬಹುದು. ಬೇಕೆಂದರೆ ಮತ್ತೆ ಚಾಲೂ ಮಾಡಬಹುದು. ನಿಮ್ಮ ವಿಂಡೋಸ್ 64 ಬಿಟ್‌ನದಾದರೆ ಇದರ 64 ಬಿಟ್ ಪ್ರತಿಯನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಪೂರ್ತಿ ಪಟ್ಟಿ ಕಾಣುವುದಿಲ್ಲ. ಮೈಕ್ರೊಸಾಫ್ಟ್ ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್ ಎಂಬ ತಂತ್ರಾಂಶದಲ್ಲೂ ಎಕ್ಸ್‌ಪ್ಲೋರರ್ ಎಂಬ ಭಾಗದಲ್ಲಿ ಇದೇ ಪಟ್ಟಿ ಸಿಗುತ್ತದೆ. ಇವನ್ನು ಅವರವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಬೇರೆ ಕಡೆ ಸಿಗುವ ಪ್ರತಿಗಳನ್ನು ನಂಬಬೇಡಿ.

ನನ್ನದರಲ್ಲಿ 38 ಗುಲಾಬಿ ಸಾಲು. 38! ಎಷ್ಟೋ ತಂತ್ರಾಂಶದ ಹೆಸರೇ ನನಗೆ ಮರೆತುಹೋಗಿತ್ತು. ಎಲ್ಲ ನಿಲ್ಲಿಸಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಮೇಲೆ ಒತ್ತಿ ರೀಸ್ಟಾರ್ಟ್ ಕೊಟ್ಟೆ. ಬಲ ಕ್ಲಿಕ್ ಮಾಡಿದರೆ ಮೆನು ತಕ್ಷಣ ಬಂತು. ಇಷ್ಟು ಗೊತ್ತಾದರೆ ಮುಂದೆ ಸುಲಭ. ಅರ್ಧ ಚಾಲೂ ಮಾಡಿ ನೋಡುವುದು. ನಿಧಾನವಾದರೆ ಆ ಅರ್ಧದಲ್ಲಿದೆ, ಇಲ್ಲದಿದ್ದರೆ ಇನ್ನರ್ಧದಲ್ಲಿದೆ. ಮತ್ತೆ ಅದರಲ್ಲಿ ಅರ್ಧ. 38 ಇದ್ದರೂ ಐದಾರು ಸಲದಲ್ಲಿ ಸಿಗುತ್ತದೆ. ಸಿಕ್ಕಿದ್ದು ಒಂದು ಪ್ರಿಂಟರಿನ ಜೊತೆ ಬಂದಿದ್ದ ಸ್ಕ್ಯಾನ್ ಮೆನು. ಆ ಪ್ರಿಂಟರನ್ನು ಮಾರಿ ಎರಡು ವರ್ಷವಾಗಿತ್ತು. ಫಾರ್ಮ್ಯಾಟ್ ಆದ ಮೇಲೆ ಅಭ್ಯಾಸಬಲದಿಂದ ಹಳೆಯ ಪೆನ್‌ಡ್ರೈವ್‌ನಲ್ಲಿದ್ದ ಎಲ್ಲವನ್ನೂ ಮತ್ತೆ ಹಾಕಿದ್ದೆ, ಅದರಲ್ಲಿ ಇದೂ ಸೇರಿಕೊಂಡಿತ್ತು. ಈ ಅರ್ಧರ್ಧದ ದಾರಿ ಒಬ್ಬನೇ ತಪ್ಪಿತಸ್ಥ ಇದ್ದಾಗ ಚೆನ್ನಾಗಿ ನಡೆಯುತ್ತದೆ. ನನ್ನ ಮೊದಲ ಕಾಯಿಲೆಯ ಹಾಗೆ ಇಬ್ಬರ ಜಗಳವಾದರೆ, ಒಬ್ಬ ಈ ಅರ್ಧದಲ್ಲಿ ಇನ್ನೊಬ್ಬ ಆ ಅರ್ಧದಲ್ಲಿ ಸೇರಿಕೊಂಡು ಎರಡೂ ಅರ್ಧ ಸರಿಯಾಗೇ ಕಾಣುತ್ತವೆ. ಆಗ ಗಾಬರಿಯಾಗಬೇಡಿ. ಒಂದು ಅರ್ಧವನ್ನು ಚಾಲೂ ಇಟ್ಟುಕೊಂಡು ಇನ್ನೊಂದರಿಂದ ಒಂದೊಂದೇ ಸೇರಿಸುತ್ತಾ ಹೋಗಿ.

ಕ್ಲೀನ್ ಬೂಟ್ ಮಾಡಿ ನೋಡಿ ಎಂದು ತುಂಬಾ ಜನ ಹೇಳುತ್ತಾರೆ. ನಾನೂ ಮಾಡಿದ್ದೆ. ಅದು ಹಿಂದೆ ಓಡುವ ಸರ್ವಿಸ್‌ಗಳನ್ನು, ಸ್ಟಾರ್ಟ್ಅಪ್‌ನಲ್ಲಿ ಬರುವ ತಂತ್ರಾಂಶಗಳನ್ನು ನಿಲ್ಲಿಸುತ್ತದೆ. ಈ ತುಣುಕುಗಳನ್ನು ನಿಲ್ಲಿಸುವುದಿಲ್ಲ, ಏಕೆಂದರೆ ಅವನ್ನು ಎಕ್ಸ್‌ಪ್ಲೋರರೇ ಕರೆಯುತ್ತದೆ. ಕ್ಲೀನ್ ಬೂಟ್‌ನಲ್ಲೂ ಬಿತ್ತು, ಹಾಗಾದರೆ ಡಿಸ್ಕೇ ಹಾಳು ಎಂದುಕೊಳ್ಳುವುದು ಇಲ್ಲೇ.

ಇನ್ನು ಆ ಹಸಿರು ಗೆರೆ. ಅದಕ್ಕೆ ಮೂರು ಕಾರಣ ಸೇರಿದ್ದವು. ಒಂದು, ಎರಡು ಆಂಟಿವೈರಸ್. ಒಂದನ್ನು ದುಡ್ಡು ಕೊಟ್ಟು ಹಾಕಿಸಿದ್ದೆ, ಇನ್ನೊಂದು ಯಾವುದರ ಜೊತೆಗೋ ಬಂದಿತ್ತು. ತಂಬ್‌ನೇಲ್ ತೋರಿಸಬೇಕಾದರೆ ಒಂದೊಂದು ಫೋಟೊವನ್ನೂ ತೆರೆದು ಓದಬೇಕು. ತೆರೆದಾಗಲೆಲ್ಲ ಇಬ್ಬರೂ ತಪಾಸಣೆ ಮಾಡುತ್ತಾರೆ. ಮೂರೂವರೆ ಸಾವಿರ ಫೈಲಿಗೆ ಏಳು ಸಾವಿರ ತಪಾಸಣೆ. ವಿಂಡೋಸ್‌ನ ಸ್ವಂತ ಡಿಫೆಂಡರ್, ಬೇರೆ ಆಂಟಿವೈರಸ್ ಬಂದು ಹೆಸರು ನೋಂದಾಯಿಸಿದರೆ ತಾನು ಪಕ್ಕಕ್ಕೆ ಸರಿಯುತ್ತದೆ. ಹೊರಗಿನ ಎರಡು ಸೇರಿದರೆ ಆ ಹೊಂದಾಣಿಕೆ ಇರುವುದಿಲ್ಲ. ಒಂದು ಸಾಕು. ತೆಗೆಯುವಾಗ ಅದೇ ಕಂಪನಿಯ ರಿಮೂವಲ್ ಟೂಲ್ ಇದ್ದರೆ ಅದರಿಂದ ತೆಗೆಯಿರಿ, ಅರ್ಧಂಬರ್ಧ ಉಳಿದದ್ದೂ ಕಾಟ ಕೊಡುತ್ತದೆ.

ಎರಡನೆಯದು ಕ್ಲೌಡ್ ಬ್ಯಾಕಪ್‌ಗಳು. ತಮ್ಮನ ಖಾತೆ, ನನ್ನ ಖಾತೆ, ಒಬ್ಬ ಗಿರಾಕಿ ಹಂಚಿಕೊಂಡದ್ದು ಎಂದು ಮೂರು ಬೇರೆ ಬೇರೆ ಸೇವೆ ಇದ್ದವು. ಫೈಲ್ ಮೇಲೆ ಪುಟ್ಟ ಗುರುತು ಹಾಕಲು ವಿಂಡೋಸ್‌ನಲ್ಲಿ 15 ಜಾಗ ಮಾತ್ರ ಇದೆ. ಹೆಸರಿನ ಅಕ್ಷರಕ್ರಮದಲ್ಲಿ ಮೊದಲು ಬಂದವರಿಗೆ ಜಾಗ. ಪಡಿತರ ಅಂಗಡಿ ಮುಂದೆ ಚೀಲ ಇಟ್ಟು ಸರದಿ ಹಿಡಿಯುವ ಹಾಗೆ, ಈ ತಂತ್ರಾಂಶಗಳು ತಮ್ಮ ಹೆಸರಿನ ಮುಂದೆ ಖಾಲಿ ಜಾಗ ಸೇರಿಸಿಕೊಂಡು ಮುಂದೆ ಬರುತ್ತವೆ. ಜಾಗ ಸಿಗದವರ ಟಿಕ್ ಗುರುತು ಕಾಣುವುದಿಲ್ಲ. ಜಾಗ ಸಿಕ್ಕವರನ್ನು ಎಕ್ಸ್‌ಪ್ಲೋರರ್ ಒಂದೊಂದು ಫೈಲಿಗೂ ಕೇಳುತ್ತಾ ಹೋಗುತ್ತದೆ. ಒಂದನ್ನು ಉಳಿಸಿ ಎರಡನ್ನು ತೆಗೆದೆ.

ಮೂರನೆಯದು ಹೇಳಿದರೆ ನಂಬಲಿಕ್ಕಿಲ್ಲ. ಮೊದಲು ಬಿಲ್ಲಿಂಗ್‌ಗೆ ಇನ್ನೊಂದು ಕಂಪ್ಯೂಟರ್ ಇತ್ತು. ಅದರ ಫೋಲ್ಡರನ್ನು ಇಲ್ಲಿ ಝಡ್ ಡ್ರೈವ್ ಎಂದು ಜೋಡಿಸಿದ್ದೆವು. ಆ ಕಂಪ್ಯೂಟರ್ ಈಗಿಲ್ಲ. ಫಾರ್ಮ್ಯಾಟ್ ಆದ ಮೇಲೂ ತಮ್ಮ ಹಳೆಯ ಪಟ್ಟಿ ನೋಡಿಕೊಂಡು ಅದನ್ನು ಮತ್ತೆ ಜೋಡಿಸಿಟ್ಟಿದ್ದ. ‘ದಿಸ್ ಪಿಸಿ’ ತೆರೆದಾಗಲೆಲ್ಲ ಎಕ್ಸ್‌ಪ್ಲೋರರ್ ಆ ಇಲ್ಲದ ಕಂಪ್ಯೂಟರನ್ನು ಕರೆದು, ಉತ್ತರಕ್ಕೆ ಕಾದು ಕೂರುತ್ತಿತ್ತು. ಬಲ ಕ್ಲಿಕ್, ಡಿಸ್‌ಕನೆಕ್ಟ್. ಅಷ್ಟೇ.

ವಿಂಡೋಸ್ 11 ಇರುವವರಿಗೆ ಒಂದು ಮಾತು. ಅದರಲ್ಲಿ ಬಲ ಕ್ಲಿಕ್ ಮೆನು ಚಿಕ್ಕದು. ಹಳೆಯ ಬಗೆಯ ಸೇರ್ಪಡೆಗಳು ‘ಶೋ ಮೋರ್ ಆಪ್ಶನ್ಸ್’ ಒತ್ತಿದ ಮೇಲೆ ಬರುತ್ತವೆ. ಅದನ್ನು ಒತ್ತಿದಾಗ ಮಾತ್ರ ನಿಂತರೆ, ಹುಡುಕಬೇಕಾದ ಜಾಗ ಅದೇ. ಎಲ್ಲರಿಗೂ ಆಗುವ ಇನ್ನೊಂದು ಪರೀಕ್ಷೆ ಇದೆ. ಫೋಲ್ಡರ್ ಆಪ್ಶನ್ಸ್‌ನ ವ್ಯೂ ಭಾಗದಲ್ಲಿ ತಂಬ್‌ನೇಲ್ ಬೇಡ, ಐಕಾನ್ ಮಾತ್ರ ತೋರಿಸು ಎಂದು ಒಂದು ಟಿಕ್ ಇದೆ. ಅದನ್ನು ಹಾಕಿದ ಮೇಲೆ ಬೀಳುವುದು ನಿಂತರೆ ತಪ್ಪು ತಂಬ್‌ನೇಲ್ ಕಡೆ ಇದೆ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗ ಅಂಗಡಿಗಳಲ್ಲಿ ಹೊಸದಾಗಿ ಒಂದು ಮಾತು ಕೇಳುತ್ತಿದ್ದೇನೆ. ವಿಂಡೋಸ್ 10 ಮುಗಿಯಿತು, ಅದಕ್ಕೇ ನಿಧಾನ, ಹೊಸದು ತಗೊಳ್ಳಿ ಎಂದು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಭದ್ರತೆಯ ದೃಷ್ಟಿಯಿಂದ ಅದರ ಬಗ್ಗೆ ಯೋಚಿಸಲೇಬೇಕು, ನಾನೂ ಯೋಚಿಸುತ್ತಿದ್ದೇನೆ. ಆದರೆ ಬೆಂಬಲ ಮುಗಿದ ಮಾತ್ರಕ್ಕೆ ಫೋಲ್ಡರ್ ನಿಧಾನವಾಗುವುದಿಲ್ಲ. ಅದೇ 38 ತುಣುಕುಗಳನ್ನು ಹೊಸ ಕಂಪ್ಯೂಟರಿಗೆ ಹಾಕಿದರೆ ಅಲ್ಲೂ ಇದೇ ಕತೆ. ಎಪ್ಪತ್ತು ಸಾವಿರ ಕೊಡುವವರಿಗೆ ಈ ಎರಡು ಬೇರೆ ಬೇರೆ ಎಂದು ಬಿಡಿಸಿ ಹೇಳಬೇಕಲ್ವಾ?

ನಮ್ಮ ಜಿಲ್ಲೆಯ ರಿಪೇರಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಫಾರ್ಮ್ಯಾಟ್‌ಗೆ ತೆಗೆದುಕೊಳ್ಳುವ ದುಡ್ಡನ್ನೇ ತೆಗೆದುಕೊಳ್ಳಿ, ನಾವು ಕೊಡುತ್ತೇವೆ. ಆದರೆ ಮೊದಲು ರಿಲಯಬಿಲಿಟಿ ಹಿಸ್ಟರಿ, ಇವೆಂಟ್ ವ್ಯೂವರ್ ತೆರೆದು ಗಿರಾಕಿಗೆ ತೋರಿಸಿ. ಫಾರ್ಮ್ಯಾಟ್ ಮಾಡಲೇಬೇಕಾದರೆ “ಡಿ ಡ್ರೈವ್‌ನಲ್ಲಿ ತಾನೇ?” ಎಂದು ಕೇಳಿ ಬಿಡಬೇಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ನೀವೇ ತೆರೆದು ನೋಡಿ. ಗಿರಾಕಿಗೆ ಆ ಹೊತ್ತಿನಲ್ಲಿ ನೆನಪಿರುವುದಿಲ್ಲ. ನನಗೆ ನೆನಪಿರಲಿಲ್ಲ.

ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಟೈಪಿಂಗ್, ಬಿಲ್ಲಿಂಗ್ ಚೆನ್ನಾಗಿ ಕಲಿಸುತ್ತಾರೆ. ಒಂದು ದಿನದ ಪಾಠ ಇದಕ್ಕೂ ಇಡಲಿ. ತಂತ್ರಾಂಶ ಹಾಕುವಾಗ ‘ಕಸ್ಟಮ್’ ಒತ್ತಿ, ಬಲ ಕ್ಲಿಕ್ ಮೆನುವಿಗೆ ಸೇರಿಸಬೇಕೇ ಎಂಬ ಟಿಕ್ ಇದ್ದರೆ ತೆಗೆಯುವುದನ್ನು ಮಕ್ಕಳಿಗೆ ಕಲಿಸಿದರೆ ಸಾಕು, ಅರ್ಧ ತೊಂದರೆ ಹತ್ತಿರ ಬರುವುದಿಲ್ಲ. ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಕಾಲು ಪುಟ ಇಂಥ ವಿಷಯಕ್ಕೆ ಕೊಡಿ ಸಂಪಾದಕರೇ. ಕೃಷಿಗೆ, ಆರೋಗ್ಯಕ್ಕೆ ಓದುಗರ ಪ್ರಶ್ನೆಗೆ ಉತ್ತರ ಹಾಕುತ್ತೀರಿ. ತಾಲ್ಲೂಕು ಕಚೇರಿ ಪಕ್ಕದ ಅರ್ಜಿ ಬರೆಯುವವರಿಂದ ಹಿಡಿದು ತೋಟದ ಲೆಕ್ಕ ಇಡುವ ರೈಟರ್‌ವರೆಗೆ ಎಲ್ಲರ ಮುಂದೆಯೂ ಇವತ್ತು ಒಂದು ಕಂಪ್ಯೂಟರ್ ಇದೆ. ಕನ್ನಡದಲ್ಲಿ ಯಾರಾದರೂ ಹೀಗೆ ಕೂತು ಹೇಳಿದ್ದರೆ ನಾನು ಮೂರು ರಾತ್ರಿ ಒದ್ದಾಡಬೇಕಿರಲಿಲ್ಲ.

ಹೋದ ವಾರ ಪತ್ರ ಬರೆದಿದ್ದ ಆ ಓದುಗರಿಗೆ ಒಂದು ವಿನಂತಿ. ಗುಜರಿಗೆ ಕೊಟ್ಟ ಕಂಪ್ಯೂಟರ್ ಇನ್ನೂ ಅಂಗಡಿಯಲ್ಲೇ ಇದ್ದರೆ ಹೋಗಿ ಕೇಳಿ. ಅದರಲ್ಲಿರುವ ಡಿಸ್ಕ್ ಚೆನ್ನಾಗಿರಬಹುದು. ಅದರೊಳಗೆ ನಿಮ್ಮ ಮನೆಯವರ ಫೋಟೊ ಇರಬಹುದು. ಚಿಕ್ಕಮಗಳೂರಿಗೆ ತಂದರೆ ನಾನೇ ಕೂತು ನೋಡಿ ಕೊಡುತ್ತೇನೆ. ದುಡ್ಡು ಬೇಡ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ಫೋಟೊ ಸ್ಟುಡಿಯೊ ನಡೆಸುವವಳು, ಚಿಕ್ಕಮಗಳೂರು